ಜಾಮ್ ಆದ ಸಿಲಿಂಡರ್ ಪಿನ್: ಸುತ್ತಿಗೆ, ಬೆಂಕಿ, ಜಾಕ್, ಕಟಿಂಗ್ – ಯಾವುದು ಯಾವಾಗ?

ಎಕ್ಸ್‌ಕವೇಟರ್ ಅಥವಾ ಜೆಸಿಬಿಯ ಹೈಡ್ರಾಲಿಕ್ ಸಿಲಿಂಡರ್ ಲೀಕ್ ಆಗುತ್ತಿದೆ, ಸೀಲ್ ಕಿಟ್ ಹಾಕಬೇಕು. ಇದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಕೆಲಸ. ಬೆಳಿಗ್ಗೆ ಬಿಚ್ಚಿದರೆ ಸಂಜೆಗೆ ಮಷೀನ್ ಮತ್ತೆ ಓಡಬೇಕು. ಆದರೆ ಚಿಕ್ಕಬಳ್ಳಾಪುರ, ಗುಡಿಬಂಡೆ ಕಡೆಯ ಕ್ರಷರ್‌ಗಳಲ್ಲೋ, ಕೋಲಾರದ ಟೇಕಲ್ ಸುತ್ತಿನ ಕ್ವಾರಿಗಳಲ್ಲೋ ಹೋಗಿ ನೋಡಿ. ಸೀಲ್ ಹಾಕುವುದಕ್ಕೆ ಹಿಡಿಯುವ ಹೊತ್ತು ಕಡಿಮೆ, ಸಿಲಿಂಡರನ್ನು ಮಷೀನ್‌ಗೆ ಜೋಡಿಸಿರುವ ಪಿನ್ ಬಿಡಿಸುವುದಕ್ಕೆ ಹಿಡಿಯುವ ಹೊತ್ತೇ ಜಾಸ್ತಿ. ಇಬ್ಬರು ಸುತ್ತಿಗೆ ಹಿಡಿದು ಸರದಿಯಲ್ಲಿ ಹೊಡೆಯುತ್ತಾರೆ. ಬರದಿದ್ದರೆ ಗ್ಯಾಸ್ ತರಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕಟ್ ಮಾಡುತ್ತಾರೆ. ಅಷ್ಟು ಹೊತ್ತಿಗೆ ಬೂಮ್‌ನ (ಮಷೀನ್‌ನ ದೊಡ್ಡ ತೋಳಿನ) ತೂತೂ ಹಾಳಾಗಿರುತ್ತದೆ, ಒಂದು ದಿನವೂ ಹೋಗಿರುತ್ತದೆ.

ಈ ಕ್ರಮದಲ್ಲಿ ಯಾವುದು ಹೋದರೆ ಎಷ್ಟು ಖರ್ಚು ಅಂತ ಯಾರೂ ಮೊದಲೇ ಕೇಳಿಕೊಳ್ಳುವುದಿಲ್ಲ. ಪಿನ್ ಹೋದರೆ ಲೇತ್‌ನಲ್ಲಿ ಇನ್ನೊಂದು ಮಾಡಿಸಬಹುದು, ಇಲ್ಲವೇ ಅಂಗಡಿಯಲ್ಲಿ ರೆಡಿ ಸಿಗುತ್ತದೆ. ಪಿನ್ ಸುತ್ತ ಕೂರುವ ಬಳೆಯಂಥ ಬುಷ್ ಹೋದರೆ ಅದೂ ಸಿಗುತ್ತದೆ. ರಾಡ್‌ನ ಕಣ್ಣು (ಪಿನ್ ಹಾಯುವ ತುದಿಯ ತೂತು) ಹಾಳಾದರೆ ರಾಡ್ ಬಿಚ್ಚಿ, ವೆಲ್ಡ್ ತುಂಬಿಸಿ, ಮತ್ತೆ ಬೋರ್ ಮಾಡಿಸಬೇಕು. ಬೂಮ್ ಅಥವಾ ಆರ್ಮ್‌ನ (ಬೂಮ್ ತುದಿಯ ತೋಳಿನ) ತೂತು ಹಾಳಾದರೆ ಎರಡೂ ಬದಿಯ ತೂತನ್ನು ಒಂದೇ ನೇರಕ್ಕೆ ಕೊರೆಯುವ ಲೈನ್ ಬೋರಿಂಗ್ ಮಷೀನನ್ನೇ ಸೈಟಿಗೆ ಕರೆಸಬೇಕು. ಬ್ಯಾರಲ್‌ಗೆ (ಸಿಲಿಂಡರ್‌ನ ಕೊಳವೆಗೆ) ಬೆಂಕಿ ತಗುಲಿ ಒಳಗಿನ ಎಣ್ಣೆ ಕುದ್ದರೆ ಮನುಷ್ಯರ ಜೀವಕ್ಕೇ ಕುತ್ತು. ಆದ್ದರಿಂದ ವಿಧಾನ ಆರಿಸುವಾಗ ನಾನು ಮೊದಲು ಕೇಳುವುದು ಒಂದೇ: ಇದು ಕೈಕೊಟ್ಟರೆ ಹಾಳಾಗುವುದು ಏನು? ಪಿನ್ ಒಂದೇ ಹಾಳಾಗುತ್ತದೆ ಅನ್ನುವುದಾದರೆ, ನೋಡಲು ಎಷ್ಟೇ ಒರಟಾಗಿದ್ದರೂ ಅದೇ ಅಗ್ಗದ ವಿಧಾನ.

ಮೊದಲು ನೋಡಿ: ನಿಜವಾಗಿ ಜಾಮ್ ಆಗಿದೆಯಾ, ಎಲ್ಲಿ ಆಗಿದೆ?

ಜಾಮ್ ಅಂತ ಕರೆಯುವ ಎಷ್ಟೋ ಪಿನ್‌ಗಳು ಜಾಮ್ ಆಗಿರುವುದೇ ಇಲ್ಲ. ಅವುಗಳ ಮೇಲೆ ಭಾರ ಕೂತಿರುತ್ತದೆ. ಬಕೆಟ್ ನೆಲಕ್ಕೆ ಸರಿಯಾಗಿ ಕೂತಿಲ್ಲ, ಸಿಲಿಂಡರ್‌ಗೆ ಆಸರೆ ಕೊಟ್ಟಿಲ್ಲ, ಲೈನ್‌ನಲ್ಲಿ ಪ್ರೆಶರ್ ಹಾಗೇ ಉಳಿದಿದೆ. ಇಂಥ ಪಿನ್‌ಗೆ ಹೊಡೆಯುವುದು ಸುಮ್ನೆ ಶಕ್ತಿ ಹಾಳು. ಬಕೆಟ್ಟನ್ನು ಗಟ್ಟಿ ನೆಲದ ಮೇಲಿಡಿ. ಬೂಮ್ ಮತ್ತು ಆರ್ಮ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಎಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು ಲಿವರ್‌ಗಳನ್ನು ಎಲ್ಲ ಕಡೆಗೂ ಆಡಿಸಿ ಪ್ರೆಶರ್ ಇಳಿಸಿ. ಟ್ಯಾಂಕ್‌ನ ಪ್ರೆಶರನ್ನೂ ಬಿಡಿ. ಸಿಲಿಂಡರನ್ನು ಬೆಲ್ಟ್ ಹಾಕಿ ಚೈನ್ ಬ್ಲಾಕ್‌ನಲ್ಲಿ ತೂಗಿ. ಆಮೇಲೆ ಚೈನನ್ನು ಒಂದೊಂದು ಕೊಂಡಿಯಷ್ಟೇ ಏರಿಸಿ ಇಳಿಸಿ, ಪ್ರತಿ ಸಲವೂ ಪಿನ್‌ಗೆ ಮೆಲ್ಲಗೆ ತಟ್ಟಿ ನೋಡಿ. ಒಂದು ಕಡೆ ತಟ್ಟಿದಾಗ ಸದ್ದು ಬದಲಾಗುತ್ತದೆ. ಅಲ್ಲಿಯವರೆಗೆ ಗಟ್ಟಿ ಠಣ್ ಅನ್ನುತ್ತಿದ್ದುದು ಸ್ವಲ್ಪ ಮಂದವಾಗುತ್ತದೆ. ಭಾರ ಇಳಿದದ್ದು ಅಲ್ಲೇ.

ಪಿನ್ ತಿರುಗದಂತೆ ಹಿಡಿಯುವ ಲಾಕ್ ಬೋಲ್ಟ್ ನಿಜವಾಗಿ ಹೊರಗೆ ಬಂದಿದೆಯಾ ಅಂತಲೂ ನೋಡಿ. ತಲೆ ತುಂಡಾಗಿ ಒಳಗೇ ಉಳಿದ ಬೋಲ್ಟ್ ಮಣ್ಣು, ಗ್ರೀಸ್ ಮೆತ್ತಿಕೊಂಡರೆ ಕಣ್ಣಿಗೇ ಕಾಣುವುದಿಲ್ಲ. ಯಾರೋ ಹಿಂದೆ ಪಿನ್ ತುದಿಗೆ ಒಂದು ಟ್ಯಾಕ್ ವೆಲ್ಡ್ ಹಾಕಿ ಬಿಟ್ಟಿರುವುದೂ ಉಂಟು. ವೈರ್ ಬ್ರಷ್ ಹಾಕಿ ಲೋಹ ಕಾಣುವಷ್ಟು ಉಜ್ಜಿ.

ಈಗ ಮುಖ್ಯವಾದ ಪರೀಕ್ಷೆ. ಇದನ್ನು ಬಿಚ್ಚುವ ಮುಂಚೆ, ಮಷೀನ್ ಓಡುವ ಸ್ಥಿತಿಯಲ್ಲಿರುವಾಗಲೇ ಮಾಡಬೇಕು. ಪಿನ್ ತಲೆಯ ಮೇಲೆ ಚಾಕ್‌ನಿಂದ ಒಂದು ಗೆರೆ ಎಳೆಯಿರಿ. ಅದೇ ಗೆರೆಯನ್ನು ಪಕ್ಕದ ಬಾಸ್ (ಪಿನ್ ತುದಿಯನ್ನು ಹಿಡಿಯುವ ಬೂಮ್ ಅಥವಾ ಆರ್ಮ್‌ನ ದಪ್ಪ ಭಾಗ) ಮೇಲಕ್ಕೂ ಮುಂದುವರಿಸಿ. ಆಪರೇಟರ್‌ಗೆ ಸಿಲಿಂಡರನ್ನು ಸ್ವಲ್ಪ ಆಡಿಸಲು ಹೇಳಿ, ನೀವು ದೂರ ನಿಂತು ಗೆರೆ ನೋಡಿ. ಸರಿಯಿರುವ ಪಿನ್ ಅಲುಗಾಡದೆ ನಿಲ್ಲುತ್ತದೆ, ರಾಡ್‌ನ ಕಣ್ಣು ಮಾತ್ರ ಅದರ ಸುತ್ತ ತಿರುಗುತ್ತದೆ. ಪಿನ್ ತಲೆಯೇ ಕಣ್ಣಿನ ಜೊತೆ ತಿರುಗುತ್ತಿದ್ದರೆ, ಅದು ಕಣ್ಣಿನ ಬುಷ್‌ಗೆ ಕಚ್ಚಿಕೊಂಡಿದೆ ಅಂತ ಅರ್ಥ. ಲಾಕ್ ಬೋಲ್ಟ್ ಪದೇ ಪದೇ ತುಂಡಾಗುವುದೂ ಇದರಿಂದಲೇ. ಪಿನ್ ಅಲುಗದೆ ನಿಂತಿದೆ, ಆದರೂ ಹೊರಗೆ ಬರುತ್ತಿಲ್ಲ ಅಂದರೆ ಅದು ಹಿಡಿದಿರುವುದು ಆಚೀಚೆಯ ಬಾಸ್‌ಗಳಲ್ಲಿ. ಇವೆರಡಕ್ಕೂ ಮದ್ದು ಬೇರೆ ಬೇರೆ. ಈ ಗೆರೆ ಎಳೆಯಲು ಎರಡು ನಿಮಿಷ ಸಾಕು. ಆದರೂ ಮಾಡುವವರು ಕಡಿಮೆ.

ಜಾಮ್ ಆದದ್ದು ಹೇಗೆ ಅನ್ನೋದೂ ಗೊತ್ತಿರಬೇಕು. ಒಂದು, ತುಕ್ಕು. ಕೆರೆ ಹೂಳು ತೆಗೆದು ಬಂದ ಮಷೀನ್‌ಗಳಲ್ಲಿ ಇದು ಜಾಸ್ತಿ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳ ನೀರು ಬಂದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆಗಳ ಅಂಚು ಬೇಸಿಗೆಯಲ್ಲೂ ಹಸಿಯಾಗಿರುತ್ತದೆ. ಆ ಕೆಸರಲ್ಲಿ ದುಡಿದ ಮಷೀನನ್ನು ಗ್ರೀಸ್ ಹೊಡೆಯದೆ ಒಂದು ಮಳೆಗಾಲ ನಿಲ್ಲಿಸಿದರೆ ಮುಗಿಯಿತು. ತುಕ್ಕಿಗೆ ಅದು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ಇದ್ದ ಸಣ್ಣ ಸಂದನ್ನೂ ತುಂಬಿ ಬಿಗಿದುಬಿಡುತ್ತದೆ. ಎರಡು, ಉಜ್ಜಿ ಕಚ್ಚಿಕೊಂಡದ್ದು. ಕ್ವಾರಿಯ ಕಲ್ಲುಪುಡಿ ಬುಷ್ ಒಳಗೆ ಹೋಗಿ, ಗ್ರೀಸ್ ಒಣಗಿ, ಲೋಹಕ್ಕೆ ಲೋಹ ಉಜ್ಜಿ ಹಿಡಿದಿರುತ್ತದೆ. ಮೂರು, ಮೆಟ್ಟಿಲು ಬಿದ್ದದ್ದು. ಬುಷ್ ಕೂರುವ ಜಾಗದಲ್ಲಿ ಪಿನ್ ಸವೆದು, ಸವೆಯದ ಭಾಗ ಗಂಟಿನಂತೆ ಉಳಿದಿರುತ್ತದೆ. ನಾಲ್ಕು, ಪಿನ್ನೇ ಬಾಗಿರುವುದು. ಮೊದಲ ಎರಡಕ್ಕೆ ಎಣ್ಣೆ, ಬಿಸಿ ಕೆಲಸ ಮಾಡುತ್ತವೆ. ಕೊನೆಯ ಎರಡಕ್ಕೆ ಅವುಗಳಿಂದ ಏನೂ ಆಗುವುದಿಲ್ಲ, ಎಳೆಯುವ ಬಲ ಅಥವಾ ಕಟಿಂಗ್ ಬೇಕು. ಮೆಟ್ಟಿಲು ಬಿದ್ದ ಪಿನ್ ಒಂದು ದಿಕ್ಕಿಗೆ ಅರ್ಧ ಇಂಚು ಬಂದು ಅಲ್ಲೇ ನಿಂತರೆ, ಅದೇ ದಿಕ್ಕಿಗೆ ಹಠ ಹಿಡಿಯಬೇಡಿ. ವಾಪಸ್ ತಳ್ಳಿ ಇನ್ನೊಂದು ಕಡೆಯಿಂದ ನೋಡಿ.

ಎಣ್ಣೆ ಮತ್ತು ಗ್ರೀಸ್: ಸಮಯ ಇದ್ದವರಿಗೆ

ತುಕ್ಕು ಬಿಡಿಸುವ ಸ್ಪ್ರೇ, ಅಸಿಟೋನ್ ಮತ್ತು ಎಟಿಎಫ್ (ಆಟೊಮ್ಯಾಟಿಕ್ ಗೇರ್ ಎಣ್ಣೆ) ಸಮ ಪ್ರಮಾಣದ ಮಿಶ್ರಣ, ಕೊನೆಗೆ ಬರೀ ಡೀಸೆಲ್. ಇವುಗಳಲ್ಲಿ ಡೀಸೆಲ್ ತೀರಾ ನಿಧಾನ. ಅಸಿಟೋನ್ ಮಿಶ್ರಣ ಚೆನ್ನಾಗಿ ಇಳಿಯುತ್ತದೆ, ಆದರೆ ಎರಡೂ ಬೇಗ ಬೇರೆಯಾಗುತ್ತವೆ. ಹಾಕುವ ಮುಂಚೆ ಪ್ರತಿ ಸಲವೂ ಕುಲುಕಬೇಕು. ಇದು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಅನ್ನೋದು ನೆನಪಿರಲಿ. ಎಣ್ಣೆ ಬಿಟ್ಟ ದಿನವೇ ಅದೇ ಜಾಗಕ್ಕೆ ಗ್ಯಾಸ್ ಹಿಡಿಯುವ ಯೋಚನೆ ಇದ್ದರೆ ಅಸಿಟೋನ್ ಬೇಡ.

ಎಣ್ಣೆಗೆ ಒಂದು ಮಿತಿ ಇದೆ. 20 ಟನ್ ಎಕ್ಸ್‌ಕವೇಟರ್‌ನ ಬಕೆಟ್ ಪಿನ್ ಸಾಮಾನ್ಯವಾಗಿ 80 ಮಿ.ಮೀ. ಆಸುಪಾಸಿನ ದಪ್ಪ ಇರುತ್ತದೆ. ಉದ್ದ ಒಂದೂವರೆ ಅಡಿಗೂ ಮಿಕ್ಕಿ ಇರಬಹುದು. ಹೊರಗಿನಿಂದ ಬಿಟ್ಟ ಎಣ್ಣೆ ನಡುವಿನ ಬುಷ್‌ವರೆಗೂ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಬಾಸ್‌ನಲ್ಲಿ ಹಿಡಿದ ಪಿನ್‌ಗೆ ಎಣ್ಣೆ ಸರಿ, ಕಣ್ಣಿನಲ್ಲಿ ಹಿಡಿದದ್ದಕ್ಕೆ ಅದರಿಂದ ಭಾಗಶಃ ಸಹಾಯ ಅಷ್ಟೇ.

ಕಣ್ಣಿನಲ್ಲಿ ಹಿಡಿದದ್ದಕ್ಕೆ ಒಳದಾರಿ ಅಂದರೆ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಬಾಯಿ). ನಿಪ್ಪಲ್ ತೆಗೆದು, ಆ ದಾರಿಯಲ್ಲಿ ಗಟ್ಟಿಯಾದ ಹಳೇ ಗ್ರೀಸನ್ನು ತಂತಿಯಿಂದ ಕೆದಕಿ, ತೆಳು ಎಣ್ಣೆ ತುಂಬಿ ರಾತ್ರಿಯಿಡೀ ಬಿಡಿ. ಮರುದಿನ ಹೊಸ ನಿಪ್ಪಲ್ ಹಾಕಿ ಗ್ರೀಸ್ ಗನ್ ಒತ್ತಿ. ಗ್ರೀಸ್ ಎಲ್ಲಿಂದಲಾದರೂ ಒಂದು ಕಡೆ ಹೊರಗೆ ಇಣುಕಿದರೆ ಅರ್ಧ ಗೆದ್ದಂತೆ. ಒತ್ತುವಾಗ ಕಪ್ಲರ್ ಸುತ್ತ ಕೈ ಇಡಬೇಡಿ. ಕೈ ಗನ್ ಕೂಡ ನೂರಾರು ಬಾರ್ ಒತ್ತಡ ಹುಟ್ಟಿಸುತ್ತದೆ. ಗ್ರೀಸ್ ಚರ್ಮದೊಳಕ್ಕೆ ನುಗ್ಗಿದರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಆಗ ಜಾಸ್ತಿ ಇರುವುದಿಲ್ಲ. ಆದರೂ ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡ ಮಾಡಿದರೆ ಬೆರಳೇ ಹೋಗುವ ಅಪಾಯ ಇದೆ.

ಎಣ್ಣೆ ವಿಧಾನದಲ್ಲಿ ಏನೂ ಹಾಳಾಗುವುದಿಲ್ಲ. ಹೋಗುವುದು ಸಮಯ ಒಂದೇ. ಸೀಲ್ ಕಿಟ್ ಬೆಂಗಳೂರಿನಿಂದ ಬರಲು ಒಂದು ದಿನ ಇದ್ದರೆ, ಆ ದಿನವನ್ನು ಎಣ್ಣೆಗೆ ಕೊಡಿ. ಕಿಟ್ ಬಂದ ಮೇಲೆ ಪಿನ್ ನೋಡೋಣ ಅನ್ನೋದು ತಪ್ಪು ಕ್ರಮ.

ಸುತ್ತಿಗೆ: ಎಲ್ಲಿಯವರೆಗೆ?

ಸುತ್ತಿಗೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಜೆಸಿಬಿಯಂಥ ಬ್ಯಾಕ್‌ಹೋ ಲೋಡರ್‌ನ ಸಣ್ಣ ಪಿನ್‌ಗಳಿಗೆ ಎಷ್ಟೋ ಸಲ ಅದೇ ಸಾಕು. ಆದರೆ ನೇರವಾಗಿ ಪಿನ್ ಮೇಲೆ ಹೊಡೆಯಬೇಡಿ. ಪಿನ್‌ನ ಮೇಲ್ಮೈ ಹಾರ್ಡನ್ ಆಗಿರುತ್ತದೆ, ಸುತ್ತಿಗೆಯ ಮುಖವೂ ಗಟ್ಟಿ. ಎರಡು ಗಟ್ಟಿ ಲೋಹ ಬಡಿದುಕೊಂಡರೆ ಚೂರು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಯಾರನ್ನೂ ನಿಲ್ಲಿಸಬೇಡಿ. ನಡುವೆ ಮೆದು ಉಕ್ಕಿನ ಅಥವಾ ಹಿತ್ತಾಳೆಯ ದುಂಡನೆಯ ತುಂಡು ಇಡಿ. ಅದರ ದಪ್ಪ ಪಿನ್‌ಗಿಂತ ನಾಲ್ಕೈದು ಮಿ.ಮೀ. ಕಡಿಮೆ ಇರಲಿ, ಒಳಗೆ ಹೋದಾಗ ಅದೇ ಸಿಕ್ಕಿಕೊಳ್ಳಬಾರದು. ಅದನ್ನು ಬರೀ ಕೈಯಲ್ಲಿ ಹಿಡಿಯಬೇಡಿ, ಉದ್ದ ಹಿಡಿಕೆ ವೆಲ್ಡ್ ಮಾಡಿಸಿಕೊಳ್ಳಿ.

ಹೊಡೆಯುವ ಮುಂಚೆ ಪಿನ್ ತುದಿಯ ಅಂಚನ್ನು ಗ್ರೈಂಡರ್‌ನಿಂದ ಇಳಿಜಾರು ಮಾಡಿ. ಇಲ್ಲದಿದ್ದರೆ ಏಟು ಬಿದ್ದಷ್ಟೂ ತುದಿ ಅಣಬೆಯಂತೆ ಅಗಲವಾಗುತ್ತದೆ. ಆ ಅಗಲದ ತಲೆ ಬಾಸ್ ಒಳಗೆ ಹೋದರೆ ತೂತಿನ ಉದ್ದಕ್ಕೂ ಗೀರು ಬೀಳುತ್ತದೆ, ಇಲ್ಲವೇ ಅಲ್ಲೇ ಇನ್ನೂ ಬಿಗಿಯಾಗಿ ಕೂರುತ್ತದೆ.

ಒಳ್ಳೆಯ ಹತ್ತು ಹದಿನೈದು ಏಟಿಗೆ ಪಿನ್ ಕೂದಲೆಳೆಯಷ್ಟೂ ಅಲುಗದಿದ್ದರೆ ನಿಲ್ಲಿಸಿ. ಅದರಾಚೆ ಹೊಡೆಯುವುದೆಲ್ಲ ಪಿನ್ ತಲೆ ಹಿಗ್ಗಿಸುವ ಕೆಲಸ. ಇನ್ನೊಂದು ಮಷೀನ್‌ನ ಬಕೆಟ್‌ನಿಂದ ಗುದ್ದಿಸುವುದು ಕ್ವಾರಿಗಳಲ್ಲಿ ನಡೆಯುತ್ತದೆ. ಅದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಏಟು ನೇರ ಬೀಳುವುದಿಲ್ಲ, ಪಿನ್ ಬಾಗುತ್ತದೆ, ನಡುವೆ ನಿಂತವನಿಗೆ ಓಡಲು ಜಾಗ ಇರುವುದಿಲ್ಲ.

ಬೆಂಕಿ: ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಲೇಬಾರದು

ಬಿಸಿ ಮಾಡಬೇಕಾದದ್ದು ಪಿನ್ನನ್ನಲ್ಲ, ಅದನ್ನು ಹಿಡಿದಿರುವ ಬಾಸ್ ಅನ್ನು. ಲೆಕ್ಕ ನೋಡಿ. ಉಕ್ಕು ಪ್ರತಿ ಡಿಗ್ರಿಗೆ ಮೀಟರ್‌ಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 80 ಮಿ.ಮೀ. ತೂತಿನ ಬಾಸ್ ಅನ್ನು 200 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ತೂತು ಸುಮಾರು 0.19 ಮಿ.ಮೀ. ದೊಡ್ಡದಾಗುತ್ತದೆ. ಕೇಳಲು ಸಣ್ಣದು, ಆದರೆ ತುಕ್ಕಿನ ಹಿಡಿತ ಬಿಡಿಸಲು ಸಾಕು. ಇದು ಸಿಗುವುದು ಪಿನ್ ತಣ್ಣಗಿದ್ದರೆ ಮಾತ್ರ. ನಿಧಾನವಾಗಿ ಅರ್ಧ ಗಂಟೆ ಕಾಯಿಸಿದರೆ ಬಿಸಿ ಪಿನ್‌ಗೂ ಇಳಿದು ಎರಡೂ ಒಟ್ಟಿಗೆ ಹಿಗ್ಗುತ್ತವೆ, ಆಗ ಮಾಡಿದ್ದೆಲ್ಲ ವ್ಯರ್ಥ. ಆದ್ದರಿಂದ ದೊಡ್ಡ ಹೀಟಿಂಗ್ ನಾಝಲ್, ಬಾಸ್ ಸುತ್ತ ಬೇಗ ಬೇಗ, ಒಂದೇ ಕಡೆ ನಿಲ್ಲದಂತೆ. ಕಟಿಂಗ್ ನಾಝಲ್‌ನಿಂದ ಈ ಕೆಲಸ ಸರಿಯಾಗಿ ಆಗುವುದಿಲ್ಲ, ಒಂದು ಚುಕ್ಕೆ ಕೆಂಪಾಗುತ್ತದೆ, ಉಳಿದದ್ದು ತಣ್ಣಗೇ ಇರುತ್ತದೆ. ಬಾಸ್ ಕೆಂಪಗಾಗಬೇಕಿಲ್ಲ. ಕೆಂಪಗಾದರೆ ನೀವು ಬೂಮ್‌ನ ವೆಲ್ಡ್ ಜಾಗವನ್ನೇ ಮೆತ್ತಗೆ ಮಾಡುತ್ತಿದ್ದೀರಿ.

ಬಾಸ್‌ನಲ್ಲಿ ಹಿಡಿದ ಪಿನ್‌ಗೆ ಬೆಂಕಿ ಒಳ್ಳೆಯ ಆಯ್ಕೆ. ರಾಡ್ ಕಣ್ಣಿನ ವಿಷಯ ಬೇರೆ. ಅಲ್ಲಿ ಗಟ್ಟಿ ಬುಷ್ ಇದೆ, ಸುಮಾರು 200 ಡಿಗ್ರಿ ದಾಟಿದರೆ ಅದರ ಗಟ್ಟಿತನ ಇಳಿಯಲು ಶುರುವಾಗುತ್ತದೆ. ಹೇಗೂ ಬುಷ್ ಬದಲಿಸುವುದಾದರೆ ಚಿಂತೆಯಿಲ್ಲ. ಆದರೆ ಗ್ಲ್ಯಾಂಡ್‌ನಲ್ಲಿ (ರಾಡ್ ಹೊರಬರುವ ಬ್ಯಾರಲ್‌ನ ಬಾಯಿಯಲ್ಲಿ) ಸೀಲ್ ಇದೆ. ಸಾಮಾನ್ಯ ನೈಟ್ರೈಲ್ ರಬ್ಬರ್ ಸೀಲ್ 100 ಡಿಗ್ರಿ ಆಸುಪಾಸಿನಲ್ಲೇ ಸೋಲುತ್ತದೆ. ರಾಡ್ ಪೂರ್ತಿ ಒಳಗಿದ್ದರೆ ಕಣ್ಣು ಮತ್ತು ಗ್ಲ್ಯಾಂಡ್ ಪಕ್ಕಪಕ್ಕ ಇರುತ್ತವೆ. ಆದಷ್ಟು ರಾಡ್ ಹೊರಗೆ ಬಿಟ್ಟು, ರಾಡ್‌ನ ಹೊಳೆಯುವ ಕ್ರೋಮ್ ಮೇಲೆ ಒದ್ದೆ ಗೋಣಿ ಸುತ್ತಿ, ಆಮೇಲೆ ಕಣ್ಣು ಬಿಸಿ ಮಾಡಿ. ಕ್ರೋಮ್ ಮೇಲೆ ಒಂದೇ ಒಂದು ಕಿಡಿ ಕೂತು ಅಂಟಿದರೂ ನೀವು ಹಾಕುವ ಹೊಸ ಸೀಲನ್ನು ಅದು ಕೊಯ್ದುಹಾಕುತ್ತದೆ.

ಬ್ಯಾರಲ್‌ನ ಹಿಂಬದಿಯ ಕಣ್ಣಿಗೆ ಬೆಂಕಿ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಆ ಕಣ್ಣಿನ ಬೆನ್ನಿಗೇ ಎಣ್ಣೆ ಇರುತ್ತದೆ. ಎಣ್ಣೆ ಹೋಗಿಬರುವ ಪೋರ್ಟ್‌ಗಳಿಗೆ ಪ್ಲಗ್ ಹಾಕಿದ ಸಿಲಿಂಡರ್‌ಗೆ ಬೆಂಕಿ ಹಿಡಿದರೆ ಒಳಗಿನ ಎಣ್ಣೆ ಹಿಗ್ಗಿ, ಆವಿಯಾಗಿ, ಸಿಲಿಂಡರ್ ಬಾಂಬಿನಂತೆ ಸಿಡಿಯಬಹುದು. ಧೂಳು ಹೋಗಬಾರದು ಅಂತ ಹೋಸ್ ಬಿಚ್ಚಿದ ಕೂಡಲೇ ಪ್ಲಗ್ ಹಾಕುವುದು ಒಳ್ಳೇ ಅಭ್ಯಾಸ. ಬೆಂಕಿ ಹಿಡಿಯುವಾಗ ಅದೇ ಅಭ್ಯಾಸ ಜೀವಕ್ಕೆ ಅಪಾಯ. ಗ್ರೀಸ್ ನಿಪ್ಪಲ್ ಕೂಡ ತೆಗೆದಿರಬೇಕು. ಮುಚ್ಚಿದ ಜಾಗದಲ್ಲಿ ಸಿಕ್ಕಿಕೊಂಡ ಗ್ರೀಸ್ ಕುದ್ದು ಚಿಮ್ಮುತ್ತದೆ.

ಗ್ರೀಸ್ ಕೈಯಲ್ಲಿ ಆಕ್ಸಿಜನ್ ಸಿಲಿಂಡರ್‌ನ ವಾಲ್ವ್, ರೆಗ್ಯುಲೇಟರ್ ಮುಟ್ಟಬೇಡಿ. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಗುಲಿದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುತ್ತದೆ. ಮಷೀನ್ ರಿಪೇರಿಯವನ ಕೈ ಯಾವಾಗಲೂ ಗ್ರೀಸ್ ಕೈಯೇ ಅಲ್ವಾ? ಅದಕ್ಕೇ ಗ್ಯಾಸ್ ನೋಡಿಕೊಳ್ಳುವವನು ಬೇರೆ ಇರಲಿ. ಕ್ವಾರಿಯಾದರೆ ಬ್ಲಾಸ್ಟಿಂಗ್ ಸಾಮಾನು ಎಲ್ಲಿದೆ ಅಂತ ಮೊದಲು ವಿಚಾರಿಸಿ, ಮಷೀನನ್ನು ಅಲ್ಲಿಂದ ದೂರ ತಂದ ಮೇಲೆಯೇ ಬೆಂಕಿಯ ಮಾತು.

ಹಾಲೋ ಜಾಕ್: ನನ್ನ ಮೊದಲ ಆಯ್ಕೆ

ನಡುವೆ ತೂತಿರುವ ಹೈಡ್ರಾಲಿಕ್ ಜಾಕ್, ಅದರೊಳಗೆ ಹಾಯುವ ಒಂದು ಗಟ್ಟಿ ಸ್ಟಡ್ (ಥ್ರೆಡ್ ಇರುವ ಉಕ್ಕಿನ ರಾಡ್), ಬಾಸ್‌ಗೆ ಆನಿಸಲು ಒಂದು ದಪ್ಪ ಪೈಪ್ ತುಂಡು, ಕೈ ಪಂಪ್. ಇಷ್ಟೇ ಸೆಟ್. ಪಿನ್ ತುದಿಗೆ ಥ್ರೆಡ್ ಹಾಕಿ ಸ್ಟಡ್ ಬಿಗಿದು, ಜಾಕ್ ಬಾಸ್ ಮೇಲೆ ಒತ್ತಿ ಪಿನ್ನನ್ನು ಹೊರಗೆ ಎಳೆಯುತ್ತದೆ. ಸುತ್ತಿಗೆಯ ಏಟು ಬಂದು ಹೋಗುತ್ತದೆ, ಜಾಕ್‌ನ ಬಲ ನಿಂತೇ ಇರುತ್ತದೆ. ದೊಡ್ಡ ವ್ಯತ್ಯಾಸ ಅದು. ನೇರವಾಗಿ ಎಳೆಯುವುದರಿಂದ ತೂತಿಗೆ ಗೀರು ಬೀಳುವುದೂ ಕಡಿಮೆ.

ಪಿನ್ ಹಾರ್ಡನ್ ಆಗಿದೆ, ಡ್ರಿಲ್ ಆಗುವುದಿಲ್ಲ ಅಂತ ಕೆಲವರು ಕೈಬಿಡುತ್ತಾರೆ. ಇಂಡಕ್ಷನ್ ಹಾರ್ಡನ್ ಮಾಡಿದ ಪಿನ್‌ನಲ್ಲಿ ಗಟ್ಟಿ ಇರುವುದು ಮೇಲಿನ ಕೆಲವು ಮಿ.ಮೀ. ಮಾತ್ರ. ತುದಿಯ ನಡುಮಧ್ಯದಲ್ಲಿ ಸಾಮಾನ್ಯವಾಗಿ ಡ್ರಿಲ್ ಇಳಿಯುತ್ತದೆ, ಥ್ರೆಡ್ ಹಾಕುವ ಟ್ಯಾಪ್ ಕೂಡ ಹಿಡಿಯುತ್ತದೆ. ಕೆಲವರು ಸ್ಟಡ್ಡನ್ನು ಪಿನ್‌ಗೆ ವೆಲ್ಡ್ ಮಾಡಿಬಿಡುತ್ತಾರೆ. ಆ ಉಕ್ಕಿಗೆ ಮೊದಲು ಬಿಸಿ ಮಾಡದೆ ಹಾಕಿದ ವೆಲ್ಡ್ ತಣ್ಣಗಾಗುವಾಗ ಒಳಗೇ ಬಿರುಕು ಬಿಡುತ್ತದೆ. ಹತ್ತಾರು ಟನ್ ಬಲಕ್ಕೆ ಅದು ಕಿತ್ತರೆ ಸ್ಟಡ್ ಗುಂಡಿನಂತೆ ಹಾರುತ್ತದೆ.

ಸ್ಟಡ್ ಆರಿಸುವಾಗ ಲೆಕ್ಕ ಬೇಕು. 10.9 ಗ್ರೇಡ್‌ನ (ಹೆಚ್ಚು ಬಲದ ಉಕ್ಕಿನ) ಎಂ30, ಅಂದರೆ 30 ಮಿ.ಮೀ. ದಪ್ಪದ ಸ್ಟಡ್ ಶಾಶ್ವತವಾಗಿ ಹಿಗ್ಗದೆ ತಡೆಯುವುದು ಸುಮಾರು 47 ಟನ್, ಎಂ36 ಆದರೆ ಸುಮಾರು 69 ಟನ್. 60 ಟನ್ ಜಾಕ್‌ಗೆ ಎಂ30 ಸ್ಟಡ್ ಹಾಕಿ ಪೂರ್ತಿ ಪಂಪ್ ಮಾಡಿದರೆ ಪಿನ್‌ಗಿಂತ ಮೊದಲು ಸ್ಟಡ್ ಹೋಗುತ್ತದೆ. ಬಜಾರಿನ ಸಾದಾ ಥ್ರೆಡ್ ರಾಡ್ ಇದರ ಅರ್ಧದಷ್ಟು ಬಲವನ್ನೂ ತಡೆಯದು, ಅದನ್ನು ಇಲ್ಲಿ ಬಳಸಲೇಬೇಡಿ. ಪಂಪ್‌ಗೆ ಗೇಜ್ ಇರಲೇಬೇಕು. 700 ಬಾರ್‌ಗೆ 60 ಟನ್ ಕೊಡುವ ಜಾಕ್ 350 ಬಾರ್‌ಗೆ 30 ಟನ್ ಕೊಡುತ್ತದೆ. ಇಷ್ಟು ಗೊತ್ತಿದ್ದರೆ ಎಲ್ಲಿ ನಿಲ್ಲಿಸಬೇಕು ಅಂತ ಗೇಜೇ ಹೇಳುತ್ತದೆ.

ಜಾಕ್ ಮತ್ತು ಬಿಸಿ ಸೇರಿದಾಗ ಆಗುವ ಕೆಲಸವೇ ಬೇರೆ. ಮೊದಲು 25–30 ಟನ್ ಬಲ ಕೊಟ್ಟು ಪಂಪ್ ಲಾಕ್ ಮಾಡಿ. ಹತ್ತು ನಿಮಿಷ ಸುಮ್ಮನಿರಿ. ಗೇಜ್ ಮುಳ್ಳು ಸ್ವಲ್ಪ ಇಳಿದರೆ ಪಿನ್ ಅಲುಗಿದೆ ಅಂತ ಅರ್ಥ, ಜಾಕ್ ಲೀಕ್ ಇಲ್ಲದಿದ್ದರೆ. ಇಳಿಯದಿದ್ದರೆ ಜಾಕ್‌ನ ಸೀಲ್‌ಗೆ ಬಿಸಿ ತಗುಲದಂತೆ ನೋಡಿಕೊಂಡು ಆಚೆ ಕಡೆಯ ಬಾಸ್ ಬೇಗನೆ ಬಿಸಿ ಮಾಡಿ. ಬಹಳಷ್ಟು ಪಿನ್‌ಗಳು ಈ ಹಂತದಲ್ಲೇ ಒಂದು ದೊಡ್ಡ ಠಣ್ ಸದ್ದಿನೊಂದಿಗೆ ಬಿಡುತ್ತವೆ. ಮೊದಲ ಸಲ ಕೇಳಿದವರು ಏನೋ ಮುರಿಯಿತು ಅಂತ ಹೆದರುತ್ತಾರೆ. ಬಲ ಕೊಟ್ಟಿರುವಾಗ ಸ್ಟಡ್‌ನ ನೇರಕ್ಕೆ, ಮುಂದೆಯಾಗಲಿ ಹಿಂದೆಯಾಗಲಿ, ಯಾರೂ ನಿಲ್ಲಬಾರದು. ಪಂಪ್ ಹೊಡೆಯುವವನು ಪಕ್ಕಕ್ಕೆ, ಹೋಸ್‌ನ ಉದ್ದಕ್ಕೆ ಕೂರಲಿ.

ಜಾಕ್‌ನ ಕೊರತೆ ಏನು? ಸೆಟ್ ಎಲ್ಲರ ಬಳಿ ಇಲ್ಲ. ಡ್ರಿಲ್, ಟ್ಯಾಪ್‌ಗೆ ಸಮಯ ಬೇಕು. ಸ್ಟ್ರೋಕ್ ಕಡಿಮೆ, ಪದೇ ಪದೇ ಪ್ಯಾಕಿಂಗ್ ಬದಲಿಸಬೇಕು. ಬೂಮ್‌ನ ಕೆಲವು ಪಿನ್‌ಗಳ ಪಕ್ಕ ಜಾಕ್ ಕೂರುವಷ್ಟು ಜಾಗವೇ ಇರುವುದಿಲ್ಲ. ಆದರೂ ಮೂರ್ನಾಲ್ಕು ದೊಡ್ಡ ಮಷೀನ್ ಇಟ್ಟುಕೊಂಡ ಕ್ರಷರ್ ಮಾಲೀಕರು ಒಂದು ಸೆಟ್ ಸ್ವಂತಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಲೈನ್ ಬೋರಿಂಗ್ ತಪ್ಪಿದರೂ ಅದರ ದುಡ್ಡು ಸಾರ್ಥಕ.

ಕತ್ತರಿಸಿ ತೆಗೆಯುವುದು: ಯಾವಾಗ ಇದೇ ಬುದ್ಧಿವಂತಿಕೆ

ಚಾಕ್ ಗೆರೆ ಪರೀಕ್ಷೆಯಲ್ಲಿ ಪಿನ್ ಕಣ್ಣಿನ ಜೊತೆ ತಿರುಗಿದರೆ, ಇಲ್ಲವೇ ಪಿನ್ ಬಾಗಿದ್ದರೆ, ಬೆಳಿಗ್ಗೆಯಿಂದ ಗುದ್ದಾಡುವುದಕ್ಕಿಂತ ಕಟ್ ಮಾಡುವುದೇ ಲೇಸು. ಕಣ್ಣಿಗೂ ಬಾಸ್‌ಗೂ ನಡುವೆ ಶಿಮ್ (ತೆಳು ಬಿಲ್ಲೆ) ಕೂತಿರುವ ಸಣ್ಣ ಸಂದು ಇದೆ. ಶಿಮ್ ಕತ್ತರಿಸಿ ತೆಗೆದು, ಸಿಲಿಂಡರನ್ನು ಒಂದು ಬದಿಗೆ ಒತ್ತಿದರೆ ಇನ್ನೊಂದು ಬದಿಯ ಸಂದು ದೊಡ್ಡದಾಗುತ್ತದೆ. ಅಲ್ಲಿ ಪಿನ್ ಕತ್ತರಿಸಿ, ಆಮೇಲೆ ಆ ಬದಿಗೆ ಒತ್ತಿ ಇನ್ನೊಂದು ಕಡೆ ಕತ್ತರಿಸಿ. ಪಿನ್ ಮೂರು ತುಂಡಾಗುತ್ತದೆ. ಬಾಸ್‌ನಲ್ಲಿ ಉಳಿದ ಗಿಡ್ಡ ತುಂಡುಗಳು ಸಾಮಾನ್ಯವಾಗಿ ಸುಲಭವಾಗಿ ಬರುತ್ತವೆ. ಕಣ್ಣಿನಲ್ಲಿ ಉಳಿದ ತುಂಡಿನ ಸಮೇತ ಸಿಲಿಂಡರ್ ಕಳಚಿ, ವರ್ಕ್‌ಶಾಪ್‌ಗೆ ಒಯ್ದು, 100 ಅಥವಾ 150 ಟನ್ ಪ್ರೆಸ್‌ನಲ್ಲಿ ಒತ್ತಿಸಿ. ಪ್ರೆಸ್ ಕೆಳಗೆ ಕಣ್ಣಿಗೆ ಸರಿಯಾದ ಆಸರೆ ಇರಬೇಕು, ರಾಡ್ ಸಮವಾಗಿ ಮಲಗಿರಬೇಕು. ಇಲ್ಲದಿದ್ದರೆ ಪಿನ್ ತುಂಡು ತೆಗೆಯಲು ಹೋಗಿ ರಾಡ್ ಬಾಗಿಸಿಕೊಳ್ಳುತ್ತೀರಿ.

ಕತ್ತರಿಸಲು ಏನು ಬಳಸಬೇಕು? ಗ್ರೈಂಡರ್ ಡಿಸ್ಕ್ ಚೊಕ್ಕ, ಆದರೆ ಬಾಸ್‌ನ ದಪ್ಪ ದಾಟಿ ಪಿನ್‌ನ ನಡುವಿಗೆ ತಲುಪುವುದು 9 ಇಂಚಿನ ಡಿಸ್ಕ್‌ಗೂ ಕಷ್ಟ. ಸಂದಿನಲ್ಲಿ ಸಿಕ್ಕಿ ಡಿಸ್ಕ್ ಒಡೆಯುವ ಭಯವೂ ಇದೆ. ಹ್ಯಾಕ್ಸಾ ಬ್ಲೇಡ್ ಹಾರ್ಡನ್ ಪದರದ ಮೇಲೆ ಜಾರುತ್ತದೆ. ಉಳಿದದ್ದು ಗ್ಯಾಸ್ ಕಟಿಂಗ್. ಕೈ ನಡುಗದ, ಸಂದಿನ ನೇರಕ್ಕೆ ಜ್ವಾಲೆ ಹಿಡಿಯಬಲ್ಲ ಕಟರ್ ಬೇಕು. ಜ್ವಾಲೆ ವಾಲಿದರೆ ಬಾಸ್‌ನ ಮುಖ ಅಥವಾ ಕಣ್ಣಿನ ಅಂಚು ಕರಗುತ್ತದೆ. ಜ್ವಾಲೆ ವಾಲುವುದೇ ಆದರೆ ಕಣ್ಣಿನ ಬುಷ್ ಕಡೆ ವಾಲಲಿ, ಬಾಸ್ ಕಡೆ ಬೇಡ ಅಂತ ಕಟರ್‌ಗೆ ಮೊದಲೇ ಹೇಳಿಡಿ.

ಇನ್ನೊಂದು ವಿಧಾನ ಆಕ್ಸಿಜನ್ ಲ್ಯಾನ್ಸ್. ಒಳಗೆ ಕಬ್ಬಿಣದ ತಂತಿ ತುಂಬಿದ ಉದ್ದ ಪೈಪ್‌ನಲ್ಲಿ ಆಕ್ಸಿಜನ್ ಹಾಯಿಸಿ, ಪಿನ್‌ನ ಉದ್ದಕ್ಕೂ ನಡುವೆ ತೂತು ಸುಡುತ್ತಾರೆ. ಬಿಸಿಯಾದ ಪಿನ್ ಹೊರಕ್ಕೆ ಹಿಗ್ಗಲು ಜಾಗವಿಲ್ಲದೆ ತನ್ನೊಳಗೇ ಅದುಮಿಕೊಳ್ಳುತ್ತದೆ. ತಣ್ಣಗಾದಾಗ ಮೊದಲಿಗಿಂತ ಸಣ್ಣದಾಗಿ, ಎಷ್ಟೋ ಸಲ ಕೈಗುದ್ದಿಗೆ ಬರುತ್ತದೆ. ದೊಡ್ಡ ಬೂಮ್ ಪಿನ್‌ಗಳಿಗೆ ಇದು ಅದ್ಭುತ. ಆದರೆ ಇದು ಪಳಗಿದ ಕೈಗೆ ಮಾತ್ರ. ತೂತು ಒಂದು ಬದಿಗೆ ವಾಲಿದರೆ ಬಾಸ್ ಸುಟ್ಟು ಹೋಗುತ್ತದೆ. ಕರಗಿದ ಉಕ್ಕು ಕಾರಂಜಿಯಾಗಿ ಹೊರಬೀಳುತ್ತದೆ. ಆ ದಿಕ್ಕಿನಲ್ಲಿ ಡೀಸೆಲ್ ಟ್ಯಾಂಕ್, ಹೋಸ್, ಒಣಹುಲ್ಲು, ಮನುಷ್ಯರು ಏನೂ ಇರಬಾರದು. ಕೆಜಿಎಫ್ ಸುತ್ತಮುತ್ತ ಗಣಿ ಮತ್ತು ಬೆಮೆಲ್ (ಭಾರೀ ಯಂತ್ರಗಳ ಕಾರ್ಖಾನೆ) ಕೆಲಸ ನೋಡಿ ಬೆಳೆದ ಫಿಟರ್‌ಗಳು, ಕಟರ್‌ಗಳು ಇನ್ನೂ ಇದ್ದಾರೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಆ ಕೈಚಳಕ ಹೋಗಿಲ್ಲ. ಲ್ಯಾನ್ಸ್ ಕೆಲಸಕ್ಕೆ ಅಂಥ ಅನುಭವಿಗಳನ್ನೇ ಹುಡುಕಿ, ಪಕ್ಕದ ವೆಲ್ಡಿಂಗ್ ಅಂಗಡಿಯ ಹುಡುಗನಿಂದ ಪ್ರಯತ್ನ ಮಾಡಿಸಬೇಡಿ.

ಮ್ಯಾಗ್ನೆಟ್ ಡ್ರಿಲ್ ಅಥವಾ ಲೈನ್ ಬೋರಿಂಗ್ ಬಾರ್‌ನಿಂದ ಪಿನ್ನನ್ನೇ ಕೊರೆದು ತೆಗೆಯುವುದು ಎಲ್ಲಕ್ಕಿಂತ ನಿಧಾನ, ದುಬಾರಿ. ಬೆಂಕಿ ಹಿಡಿಯಲು ಸಾಧ್ಯವೇ ಇಲ್ಲದ ಜಾಗದಲ್ಲಿ, ಅಥವಾ ಹೇಗೂ ಬೋರಿಂಗ್ ಮಾಡಿಸಲೇಬೇಕು ಅನ್ನುವಷ್ಟು ತೂತು ಸವೆದಿದ್ದಾಗ ಮಾತ್ರ ಅದು ಸರಿ.

ಪಿನ್ ಹೋದ ಮೇಲೆ ಬುಷ್ ಉಳಿದುಕೊಂಡಿತಾ? ಬುಷ್‌ನ ಒಳಮೈಗೆ ಉದ್ದಕ್ಕೆ ಎರಡು ಮೂರು ವೆಲ್ಡ್ ಗೆರೆ ಹಾಕಿ. ವೆಲ್ಡ್ ತಣ್ಣಗಾಗುತ್ತಾ ಬುಷ್ಷನ್ನು ಒಳಕ್ಕೆ ಎಳೆಯುತ್ತದೆ, ಬುಷ್ ಸಡಿಲವಾಗುತ್ತದೆ. ಇದನ್ನು ಸಿಲಿಂಡರ್ ಬಿಚ್ಚಿ ರಾಡ್ ಹೊರಗೆ ತೆಗೆದ ಮೇಲೆ ಮಾಡಿ. ವೆಲ್ಡಿಂಗ್ ಅರ್ಥ್ ಕ್ಲ್ಯಾಂಪನ್ನು ಕಣ್ಣಿಗೇ ಹಾಕಿ, ಕ್ರೋಮ್ ಮೇಲೆ ಹಾಕಬೇಡಿ.

ನಿಮ್ಮ ಸ್ಥಿತಿಗೆ ಯಾವುದು?

ಕೆರೆ ಅಂಚಿನಲ್ಲಿ ನಿಂತ ಜೆಸಿಬಿ, ತುಕ್ಕು ಹಿಡಿದ ಬಕೆಟ್ ಸಿಲಿಂಡರ್ ಪಿನ್, ಹತ್ತಿರದ ವರ್ಕ್‌ಶಾಪ್ ಮುಳಬಾಗಿಲಿನಲ್ಲಿ. ಇಲ್ಲಿ ರಾತ್ರಿ ಎಣ್ಣೆ, ಬೆಳಿಗ್ಗೆ ಬಾಸ್‌ಗೆ ಬಿಸಿ, ಆಮೇಲೆ ಸುತ್ತಿಗೆ. ಜಾಕ್ ತರಿಸುವ ಖರ್ಚು ಬೇಡ. ಬರದಿದ್ದರೆ ಕಟ್ ಮಾಡಿ, ಸಣ್ಣ ಪಿನ್ ಬೆಲೆ ಮಷೀನ್ ನಿಂತ ಒಂದು ದಿನದ ಬಾಡಿಗೆಗಿಂತ ಜಾಸ್ತಿ ಆಗದು.

ಗುಡಿಬಂಡೆ ಕ್ವಾರಿಯ 20 ಟನ್ ಮಷೀನ್, ಆರ್ಮ್ ಸಿಲಿಂಡರ್ ರಾಡ್ ಪಿನ್, ಲಾಕ್ ಬೋಲ್ಟ್ ತುಂಡಾಗಿದೆ. ಕಣ್ಣಿನಲ್ಲಿ ಹಿಡಿದಿದೆ ಅನ್ನೋದು ಬಹುತೇಕ ಖಚಿತ. ಜಾಕ್ ಒಂದು ಸಲ ಪ್ರಯತ್ನಿಸಿ. 40 ಟನ್‌ಗೂ ಬರದಿದ್ದರೆ ನಿಲ್ಲಿಸಿ, ಎರಡೂ ಕಡೆ ಕತ್ತರಿಸಿ, ಪ್ರೆಸ್‌ಗೆ ಒಯ್ಯಿರಿ.

ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದ ಹತ್ತಿರವೇ ಮಷೀನ್ ಇದ್ದರೆ ಲೇತ್, ಪ್ರೆಸ್ ಹುಡುಕುವುದು ಕಷ್ಟವಿಲ್ಲ. ಅಲ್ಲಿ ಸೈಟಿನಲ್ಲಿ ಗುದ್ದಾಡುವುದಕ್ಕೆ ಕಾರಣವೇ ಇಲ್ಲ. ಪಾವಗಡದ ಮೂಲೆಯಲ್ಲಿ ನಿಂತಿದ್ದರೆ ಲೆಕ್ಕ ಬೇರೆ, ಅಲ್ಲಿಗೆ ಜಾಕ್ ಸೆಟ್ಟನ್ನೇ ಒಯ್ಯಬೇಕು.

ಹೊರಗಿನ ಗುತ್ತಿಗೆಯವರಿಗೆ ಕೆಲಸ ಕೊಡುವಾಗ ಮೂರು ವಿಷಯ ಮೊದಲೇ ಮಾತಾಡಿ. ಪಿನ್ ಬರದಿದ್ದರೆ ಮುಂದಿನ ಹೆಜ್ಜೆ ಏನು? ಬಾಸ್ ತೂತು ಹಾಳಾದರೆ ಬೋರಿಂಗ್ ಖರ್ಚು ಯಾರದು? ಬೆಂಕಿ ಹಿಡಿಯುವ ಮುಂಚೆ ಪೋರ್ಟ್ ತೆರೆದು ಎಣ್ಣೆ ಇಳಿಸುತ್ತೀರಾ? ಮೂರನೆಯದಕ್ಕೆ ತಡವರಿಸಿದರೆ ಅವರಿಗೆ ಕೆಲಸ ಕೊಡಬೇಡಿ.

ವಾಪಸ್ ಹಾಕುವಾಗ

ಹೊಸ ಪಿನ್ ಹಾಕುವ ಮುಂಚೆ ತೂತಿನ ತುಕ್ಕು ಪೂರ್ತಿ ತೆಗೆದು, ಮೈಕ್ರೋಮೀಟರ್ ಮತ್ತು ಬೋರ್ ಗೇಜ್‌ನಿಂದ ಅಳೆಯಿರಿ. ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಅಳತೆ ಬಂದರೆ ತೂತು ಮೊಟ್ಟೆಯಾಕಾರ ಆಗಿದೆ. ಅದರಲ್ಲಿ ಹೊಸ ಪಿನ್ ಹಾಕಿದರೆ ಮತ್ತೆ ಬೇಗ ಸವೆಯುತ್ತದೆ. ಹೊಸ ಬುಷ್ ಕೂರಿಸಲು ಹೊಡೆಯುವ ಬದಲು ಡ್ರೈ ಐಸ್‌ನಲ್ಲಿ ತಣ್ಣಗೆ ಮಾಡಿ, ಅದು ಮೈನಸ್ 78 ಡಿಗ್ರಿ ಇರುತ್ತದೆ. ಕೈಗೆ ದಪ್ಪ ಗ್ಲೌಸ್ ಹಾಕಿ, ಗಾಳಿ ಆಡುವ ಜಾಗದಲ್ಲಿ ಮಾಡಿ. ಬುಷ್‌ನ ಗ್ರೀಸ್ ತೂತು ಕಣ್ಣಿನ ಗ್ರೀಸ್ ದಾರಿಗೆ ನೇರ ಬಂದಿದೆಯಾ ಅಂತ ತಂತಿ ಹಾಕಿ ನೋಡಿ. ಇದೊಂದು ತಪ್ಪಿದರೆ ದಿನಾ ಗ್ರೀಸ್ ಹೊಡೆದರೂ ಪಿನ್‌ಗೆ ತಲುಪುವುದೇ ಇಲ್ಲ.

ಬಾಸ್ ಕೂರುವ ಜಾಗಕ್ಕೆ ಆ್ಯಂಟಿ ಸೀಝ್ ಪೇಸ್ಟ್ ಸವರಿ. ಬುಷ್ ಜಾಗಕ್ಕೆ ಮಾಲಿಬ್ಡಿನಮ್ ಇರುವ ಗ್ರೀಸ್. ಧೂಳು ತಡೆಯುವ ಸೀಲ್ ಹಳೆಯದನ್ನೇ ಹಾಕಬೇಡಿ. ಪಿನ್ ತುದಿಯಲ್ಲಿ ಎಳೆಯಲು ಥ್ರೆಡ್ ತೂತು ಇಲ್ಲದಿದ್ದರೆ, ಲೇತ್‌ನಲ್ಲಿ ಪಿನ್ ಮಾಡಿಸುವಾಗಲೇ, ಹಾರ್ಡನ್ ಮಾಡುವ ಮುಂಚೆ, ಒಂದು ಎಂ30 ಅಥವಾ ಎಂ36 ತೂತು ಹಾಕಿಸಿ, ಗ್ರೀಸ್ ತುಂಬಿ ಪ್ಲಗ್ ಹೊಡೆಸಿಡಿ. ಕ್ವಾರಿ ಮತ್ತು ಕೆಸರಿನ ಕೆಲಸದಲ್ಲಿ ಪ್ರತಿ ಶಿಫ್ಟ್‌ಗೂ ಗ್ರೀಸ್ ಬೇಕು. ಹಳೇ ಕಪ್ಪು ಗ್ರೀಸ್ ಹೋಗಿ ಹೊಸ ಗ್ರೀಸ್ ಎರಡೂ ಬದಿಯಿಂದ ಇಣುಕುವವರೆಗೆ ಗನ್ ಒತ್ತಲು ಆಪರೇಟರ್‌ಗೆ ಹೇಳಿ. ಒಂದೇ ಬದಿಯಿಂದ ಬರುತ್ತಿದ್ದರೆ ಅವತ್ತೇ ನಿಪ್ಪಲ್ ಬಿಚ್ಚಿ ದಾರಿ ನೋಡಿ.